ಒತ್ತಿನ ಕೀಲಿ

ಮೊದಲು ಸತ್ತದ್ದು ಎಫ್.
ಹಳೇ ಕೀಬೋರ್ಡು, ಆರನೂರು ರೂಪಾಯಿದು,
ಚಹಾ ಕುಡದಿತ್ತು, ಬಿಸ್ಕೀಟಿನ ಪುಡಿ ತಿಂದಿತ್ತು,
ಆದ್ರ ಎಫ್ ಮಾತ್ರ ಖರೇನ ದುಡದು ಸತ್ತಿತ್ತು.
ಕನ್ನಡ ಬಡಿಯೋರಿಗೆ ಗೊತ್ತು,
ಎಫ್ ಅಂದ್ರ ಅಕ್ಷರ ಅಲ್ಲ, ಒತ್ತು.
ಅದಕ್ಕ ತನ್ನ ದನಿ ಅಂತ ಇಲ್ಲ.
ಆಚೀಚೆ ನಿಂತ ಎರಡಕ್ಕ ಗಂಟು ಹಾಕಿ
ತಾ ನಡುವ ಕಾಣದಂಗ ಆಗತೈತಿ.

ಗದಗಿನ ಸಬ್-ರಿಜಿಸ್ಟ್ರಾರ್ ಕಚೇರಿ ಎದುರು
ಹೊಂಬಳ ಸಾಹೇಬರ ಬಾಂಡ್ ರೈಟಿಂಗ್ ಅಂಗಡ್ಯಾಗ
ಪುಟಕ್ಕ ಮೂವತ್ತರಂಗ ಬಡೀತೀನಿ:
ಖರೇದಿ, ವಾಟ್ನಿ, ಬಕ್ಷೀಸು, ಮುಖ್ತ್ಯಾರಪತ್ರ.
ಎಲ್ಲಾದಕ್ಕೂ ಒಂದು ಚಕ್ಕುಬಂದಿ.
ಪೂರ್ವಕ್ಕೆ ಹಳ್ಳ,
ಪಶ್ಚಿಮಕ್ಕೆ ಮುದಕಪ್ಪ ಬಿನ್ ಶಿವಪುತ್ರಪ್ಪ ಇವರ ಹಿತ್ತಲು,
ಉತ್ತರಕ್ಕೆ ಸರ್ಕಾರಿ ರಸ್ತೆ,
ದಕ್ಷಿಣಕ್ಕೆ ಸದರಿಯವರದೇ ಉಳಿದ ಜಮೀನು.
ಬರೇ ದಿಕ್ಕಿನ ಹೆಸರಿಗೇ ಎಂಟು ಸಲ ಎಫ್.

ರಾತ್ರಿ ಕತಿ ಬ್ಯಾರೆ.
ಫಕೀರೇಶ ಪುಣೆ ಬಸ್ಸಿನ ಡ್ಯೂಟಿಗೆ ಹೋದ ಮ್ಯಾಲ
ಭಾಂಡಿ ತಿಕ್ಕಿ, ಕೈ ಒರಸ್ಕೊಂಡು, ಆಟಕ್ಕ ಕುಂಡ್ರತೀನಿ.
ಅಲ್ಲಿ ನಾ ಕೊಡಲಿ ಹಿಡದಾಕಿ, ಹೆಸರು ‘ಚಕ್ಕುಬಂದಿ’.
ಡಬ್ಲ್ಯೂ ಅಂದ್ರ ಮುಂದ, ಎಸ್ ಅಂದ್ರ ಹಿಂದ,
ನಾಕ ಬೆರಳಿಗೆ ನಾಕ ದಿಕ್ಕು,
ಯಾರ ಹೊಲ, ಯಾರ ಹಿತ್ತಲ, ಕೇಳಾವ್ರಿಲ್ಲ.
ಬಾಗಲಾ ಬಂದ್ರ ಮತ್ತ ಅದ ಎಫ್. ಒತ್ತಿದ್ರ ತಗೀತೈತಿ.
ಅದು ಸತ್ತ ದಿನ
ಹಗಲೊತ್ತು ದಕ್ಷಿಣ ‘ದಕಷಿಣ’ ಆತು,
ರಾತ್ರಿ ಗುಹೆ ಬಾಗಲದ ಮುಂದ
ನಿಂತ ನಿಂತಲ್ಲೇ ಕರಡಿ ಬಾಯಿಗೆ ಹೋದೆ.

ಹುಬ್ಬಳ್ಳಿ. ದಾಜಿಬಾನ ಪೇಟೆ ಹಿಂದಿನ ಗಲ್ಲಿ,
ಮಾಳಿಗಿ ಮ್ಯಾಲಿನ ಅಂಗಡಿ. ಸಮ್ಮೇದ ಅಂತ ಹುಡುಗ,
ಮೀಸಿ ಈಗ ಮೂಡೇತಿ, ಮಾತು ಎಂದೋ ಮಾಗೇತಿ.
‘ಗೇಮಿಂಗಿಗೋ ಟೈಪಿಂಗಿಗೋ, ಅಕ್ಕಾರ?’
ಎರಡಕ್ಕೂ ಅಂದೆ. ನಕ್ಕ.
ಮೂರು ಬಣ್ಣದ ಸ್ವಿಚ್ಚು, ಮೂರು ಹಲಗಿ ಮುಂದಿಟ್ಟ.

ಕೆಂಪು: ಬೆಣ್ಣ್ಯಾಗ ಬೆರಳು. ಇಳದದ್ದ ಗೊತ್ತಾಗವಲ್ದು.
ಓಡಾಕ ಚಲೋ. ಬರ್ಯಾಕ ಕುಂತ್ರ
ತಪ್ಪು ಸಾಲು ಮುಗದ ಮ್ಯಾಲ ಕಾಣತೈತಿ,
ಸ್ಟ್ಯಾಂಪ್ ಪೇಪರಿನ ತಪ್ಪಿಗೆ ಸಾಹೇಬರ ನಾಲಿಗಿ ಐತಿ.
ಕಂದು: ನಡುವ ಒಂದು ಸಣ್ಣ ಹೊಸ್ತಿಲ,
ಎಡವೂದಿಲ್ಲ, ದಾಟಿದ್ದು ಮಾತ್ರ ತಿಳೀತೈತಿ.
ನೀಲಿ: ಹುರದ ಶೇಂಗಾಕಾಯಿ ಒಡದಂಗ.
ಎದಿಗೆ ಹಿತ, ಗ್ವಾಡಿಗೆ ಅಲ್ಲ.
ನಮ್ಮದು ಬೆಟಗೇರಿ, ಒಂದ ಇಟ್ಟಂಗಿ ಗ್ವಾಡಿ,
ಆಚೆ ಗ್ಯಾನವ್ವ, ಹಗಲೆಲ್ಲಾ ಮಗ್ಗದ ಕುಣ್ಯಾಗ ಕಾಲು,
ರಾತ್ರಿಯರ ಆಕಿ ಕಿವಿಗೆ ರಜಾ ಬೇಕಲ್ಲ.

ಸಮ್ಮೇದ ಎಎಸ್‌ಡಿಎಫ್, ಎಎಸ್‌ಡಿಎಫ್ ಅಂತ ಒತ್ತಿ ತೋರಿಸಿದ.
ನಾ ಚಕ್ಕುಬಂದಿ ಬಡದೆ.
ಕೀಲಿ ಮ್ಯಾಲ ಇಂಗ್ಲಿಷ್, ಬೆರಳಾಗ ಕನ್ನಡ,
ಪರದೆ ಮ್ಯಾಲ ಸಾಲು ಸಾಲು ಗಡಿ ಹೊಂಟ್ವು
ಯಾರೂ ಮಾರದ, ಯಾರೂ ಕೊಳ್ಳದ ಒಂದು ಹೊಲಕ್ಕ.
‘ಒಂದ ಕೀಲಿಗೆ ಇಷ್ಟ್ಯಾಕ್ರಿ ಸಿಟ್ಟು?’ ಅಂದ,
ಸಣ್ಣ ಚಿಮಟಿಗಿ ತಗೊಂಡು
ಕಂದು ಹಲಗ್ಯಾಗಿನ ಎಫ್ ಸ್ವಿಚ್ಚು ಕಿತ್ತ,
ಅದರ ಜಾಗಾದಾಗ ನೀಲಿದೊಂದು ಕುಂಡ್ರಿಸಿದ.
‘ಸತ್ರ ಇದೊಂದನ್ನ ಬದಲಿ ಮಾಡ್ರಿ.’
ಮೂರು ಸಾವಿರದ ಇನ್ನೂರು.
ಮನಸಿನ್ಯಾಗ ಲೆಕ್ಕಾ ಹಾಕಿದೆ: ನೂರಾ ಏಳು ಪುಟ.
ಚೌಕಾಸಿ ಮರತು ಕೊಟ್ಟೆ.

ಈಗ ಮನಿಗೆ ತಂದ ಕೆಲಸ ಸಂಜಿಗೆ:
ಕಂದು ಗೊಣಗಾಟದ ನಡುವ
ಚಿಟ್,
ಎಲ್ಲೋ ಎರಡು ಅಕ್ಷರ ಕೈ ಹಿಡದ್ವು.
ನಡುರಾತ್ರಿ ಇನ್ನೊಂದು ಚಿಟ್,
ಅದು ಬಾಗಲಾ. ಒಳಗ ಕತ್ತಲಿ, ಕೊಡಲಿ, ನಾ.

ಮೊನ್ನೆ ನಳದ ಹತ್ರ ಕೊಡ ಇಳಿಸಿ ಗ್ಯಾನವ್ವ ಅಂದಳು:
‘ನೀನೂ ಮಗ್ಗ ತಂದೀಯಂತ. ಚಲೋ ಆತು.
ಆದ್ರ ಅದರಾಗ ಒಂದು ಹಲ್ಲು ಸಡಲೇತಿ ನೋಡವಾ,
ನಾ ಕೇಳೇನಿ ರಾತ್ರಿ.
ಮಾರಿದಾವಗ ಒಯ್ದು ತೋರಸು.’